ದಡದ ಮೇಲೆ ಬಿರಿಯುವ ದೋಣಿಗಳು

ಸಮುದ್ರದಿಂದ ಬಹುದೂರದಲ್ಲಿರುವ ಬಸವಕಲ್ಯಾಣ, ಹುಮನಾಬಾದುಗಳ ಕುಟುಂಬಗಳಿಗೆ ದೋಣಿಯ ಮಾತೇಕೆ ಎಂದು ವಾಚಕರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಲಾದ ಕಾರಂಜಾ ಜಲಾಶಯವು ಹುಮನಾಬಾದಿಗೆ ದೂರವೇನಲ್ಲ. ಬಸವಕಲ್ಯಾಣ ತಾಲ್ಲೂಕಿನಲ್ಲಿಯೇ ಚುಳಕಿನಾಲಾ ಜಲಾಶಯವಿದೆ. ಇಂತಹ ನೀರಿನಲ್ಲಿ ಬಲೆ ಬೀಸಿ ಬದುಕುವವನಿಗೆ ಹರಿಗೋಲೇ ಹೊಲ, ಹರಿಗೋಲೇ ಎತ್ತು. ಅದು ಒಡೆದರೆ ಒಲೆ ಉರಿಯುವುದು ಕಷ್ಟ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಈ ಹರಿಗೋಲುಗಳು ತಿಂಗಳುಗಟ್ಟಲೆ ದಡದ ಮೇಲೆ ಬಿದ್ದಿರುತ್ತವೆ. ಹೊಡೆತ ಬೀಳುವುದು ನೀರಿನಲ್ಲಿ ಮಾತ್ರವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಹರಿಗೋಲಿಗೂ ದೊಡ್ಡ ದೋಣಿಗೂ ದಡದ ವಾಸವೇ ಹೆಚ್ಚು ಅಪಾಯದ್ದು.

ಇದಕ್ಕೆ ಕಾರಣ ಸರಳವಾಗಿದೆ. ತೇಲುತ್ತಿರುವ ದೋಣಿಯನ್ನು ನೀರು ತಳದುದ್ದಕ್ಕೂ ಹರಡಿ ಎತ್ತಿ ಹಿಡಿಯುತ್ತದೆ. ಭಾರವು ಎಲ್ಲಿಯೂ ಒಂದೇ ಕಡೆ ಕೂಡುವುದಿಲ್ಲ. ಅದನ್ನೇ ನೆಲಕ್ಕೆ ತಂದಿರಿಸಿದಾಗ ಇಡೀ ಭಾರವು ತಳಕ್ಕೆ ತಾಗಿದ ಎರಡು ಮೂರು ಕಲ್ಲುಗಳ ಮೇಲೆ ಬೀಳುತ್ತದೆ. ಅಲ್ಲಿ ತಳ ಒಳಕ್ಕೆ ಬಾಗುತ್ತದೆ, ಬಿದಿರು ಸೀಳುತ್ತದೆ, ಹಲಗೆಯಾದರೆ ಬಿರುಕು ಬಿಡುತ್ತದೆ. ಬಿರುಕು ಆ ದಿನ ಕಣ್ಣಿಗೆ ಕಾಣಿಸದು. ಕಾಣಿಸುವುದು ಮಳೆಗಾಲದಲ್ಲಿ, ದಡ ಬಿಟ್ಟು ಬಹುದೂರ ಹೋದ ಮೇಲೆ.

ಈ ಸತ್ಯವನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟ ಘಟನೆಯೊಂದು ನಮ್ಮ ಶುಭಸಂದೇಶದ ನಾಡಿನಲ್ಲಿಯೇ ನಡೆದಿದೆ. ದೇವಾಲಯದಲ್ಲಿ ದೋಣಿಯ ಹೆಸರನ್ನು ನಾವು ಎಷ್ಟು ಸಲ ಕೇಳಿಲ್ಲ! ಸಂತ ಲೂಕರ ಬರಹದಲ್ಲಿ ದಡದಲ್ಲಿ ನಿಂತ ಎರಡು ದೋಣಿಗಳಿವೆ, ಬೆಸ್ತರು ಅವುಗಳಿಂದ ಇಳಿದು ಬಲೆ ತೊಳೆಯುತ್ತಿದ್ದಾರೆ. ಆ ಗಲಿಲೇಯ ಸರೋವರದ ನೀರು 1986ರಲ್ಲಿ ಬರದಿಂದಾಗಿ ಬಹಳ ಕೆಳಗಿಳಿದಿತ್ತು. ಗಿನೊಸಾರಿನ ಇಬ್ಬರು ಮೀನುಗಾರ ಸಹೋದರರಾದ ಮೋಶೆ ಮತ್ತು ಯುವಾಲ್ ಲುಫಾನ್ ಅವರಿಗೆ ಕೆಸರಿನಲ್ಲಿ ಹಳೆಯ ದೋಣಿಯೊಂದರ ಅಂಚು ಕಂಡಿತು. ಎಂಟು ಮೀಟರಿಗೂ ಮಿಕ್ಕಿ ಉದ್ದ, ಎರಡು ಮೀಟರಿಗೂ ಮಿಕ್ಕಿ ಅಗಲದ ಈ ದೋಣಿಯು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ಪರೀಕ್ಷೆಗಳು ತೋರಿಸಿದವು. ಇದೇ ಸಂತ ಪೇತ್ರರ ದೋಣಿ ಎಂದು ಹೇಳುವವರಿದ್ದಾರೆ. ಅದಕ್ಕೆ ಆಧಾರವೇನೂ ಇಲ್ಲ. ಆ ಕಾಲದ, ಆ ಸರೋವರದ ದೋಣಿ ಎಂಬುದೇ ಸಾಕಷ್ಟು ದೊಡ್ಡ ಸಂಗತಿ.

ಕಷ್ಟವಿದ್ದುದು ಅದನ್ನು ಎತ್ತುವುದರಲ್ಲಿ. ನೀರು ಕುಡಿದ ಮರವು ನೆನೆದ ರಟ್ಟಿನಂತೆ ಮೆತ್ತಗಾಗಿತ್ತು. ಹಗ್ಗ ಬಿಗಿದು ಎತ್ತಿದರೆ ತುಂಡು ತುಂಡಾಗುತ್ತಿತ್ತು, ಒಣಗಲು ಬಿಟ್ಟರೆ ಸುಕ್ಕಿ ಬಿರಿಯುತ್ತಿತ್ತು. ಹನ್ನೊಂದು ದಿನಗಳಲ್ಲಿ ಕೆಸರು ತೆಗೆದು ಮುಗಿಸಿದರು. ಮರ ಒಣಗದಂತೆ ಆಗಾಗ ನೀರು ಚಿಮುಕಿಸುತ್ತಲೇ ಇದ್ದರು. ಸಂರಕ್ಷಣಾ ತಜ್ಞೆ ಓರ್ನಾ ಕೊಹೆನ್ ಅವರ ಮಾರ್ಗದರ್ಶನದಲ್ಲಿ ದೋಣಿಗೆ ಫೈಬರ್ ಗಾಜಿನ ಆಸರೆ ಕೊಟ್ಟರು. ಬಳಿಕ ಒಳಗೂ ಹೊರಗೂ ಪಾಲಿಯುರಿಥೇನ್ ನೊರೆಯನ್ನು ಸಿಂಪಡಿಸಿ, ತಳದಡಿ ಒಂದೊಂದೇ ಸುರಂಗ ತೋಡಿ ಅದರಲ್ಲಿಯೂ ನೊರೆ ತುಂಬಿದರು. ನೊರೆ ಗಟ್ಟಿಯಾದಾಗ ಇಡೀ ದೋಣಿ ಒಂದು ಗೂಡಿನಲ್ಲಿ ಕುಳಿತಂತಾಯಿತು. ಗುಂಡಿಗೆ ನೀರು ಬಿಟ್ಟರು, ದೋಣಿ ಮತ್ತೆ ತೇಲಿತು! ಸರೋವರದ ಮೇಲೆಯೇ ಅದನ್ನು ತೇಲಿಸಿಕೊಂಡು ಹೋದರು. ನೀರು ಕೊಡುತ್ತಿದ್ದ ಸಮನಾದ ಆಸರೆಯನ್ನು ಇಲ್ಲಿ ನೊರೆ ಕೊಟ್ಟಿತು, ಅಷ್ಟೇ. ಮುಂದೆ ವರ್ಷಗಟ್ಟಲೆ ಮೇಣದಂತಹ ದ್ರಾವಣದಲ್ಲಿ ನೆನೆಸಿಟ್ಟ ಆ ದೋಣಿಯನ್ನು ಇಂದು ಗಿನೊಸಾರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ನಮ್ಮ ಕರಾವಳಿಯಲ್ಲಿಯೂ ಈ ಚಿಂತೆ ವರ್ಷ ವರ್ಷವೂ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು, ಹೊನ್ನಾವರ, ಕಾರವಾರಗಳಲ್ಲಿ ಬಂಧುಗಳಿರುವ ಕುಟುಂಬಗಳು ಆ ತಿಂಗಳುಗಳಲ್ಲಿ ಹೋದರೆ ದಡಕ್ಕೇರಿದ ದೋಣಿಗಳನ್ನು ಕಂಡೇ ಇರುತ್ತವೆ. ಅಲ್ಲಿನ ಅನುಭವಿಗಳಿಗೆ ತಿಳಿದಿರುವ ಮಾತಿದು: ತಳದ ನಡುವೆ ಉದ್ದಕ್ಕೆ ಹಾಯ್ದ ತೊಲೆಯೇ ಭಾರ ಹೊರಬೇಕು, ಅಕ್ಕಪಕ್ಕದ ಆಸರೆಗಳಿರುವುದು ದೋಣಿ ಹೊರಳದಂತೆ ತಡೆಯುವುದಕ್ಕೆ ಮಾತ್ರ. ಆ ಆಸರೆಯೂ ಒಳಗಡೆ ಅಡ್ಡಮರವಿರುವ ಜಾಗಕ್ಕೇ ತಾಗಬೇಕು, ಬರಿಯ ಹಲಗೆಗಲ್ಲ. ಎದುರುಬದುರು ಆಸರೆಗಳನ್ನು ಸರಪಳಿಯಿಂದ ಒಂದಕ್ಕೊಂದು ಬಿಗಿದರೆ ಕಾಲು ಜಾರುವುದಿಲ್ಲ. ಹೊದಿಸಿದ ತಾಡಪತ್ರಿಯ ಹಗ್ಗವನ್ನು ಮಾತ್ರ ಎಂದೂ ಆಸರೆಗೆ ಕಟ್ಟಬಾರದು. ಗಾಳಿಗೆ ತಾಡಪತ್ರಿ ಬಡಿದಾಡಿ ಆಸರೆಯನ್ನೇ ಕಿತ್ತುಹಾಕುತ್ತದೆ. ಕೊಲ್ಲಿ ರಾಷ್ಟ್ರಗಳ ಬಂದರುಗಳಲ್ಲಿ ವಿಹಾರದೋಣಿಗಳನ್ನು ಕಬ್ಬಿಣದ ಅಟ್ಟಗಳ ಮೇಲೆ ಯಂತ್ರದಿಂದ ಎತ್ತಿ ಜೋಡಿಸಿಡುತ್ತಾರೆ. ಅಲ್ಲಿಯೂ ಎಚ್ಚರಿಕೆ ಇದೇ: ಎತ್ತುವ ಪಟ್ಟಿಯಾಗಲಿ ಕಬ್ಬಿಣದ ಕೈಯಾಗಲಿ ಗಟ್ಟಿ ಜಾಗವನ್ನೇ ಹಿಡಿಯಬೇಕು, ಪ್ರೊಪೆಲರಿನ ದಂಡವನ್ನು ಮುಟ್ಟಬಾರದು, ನಡುವೆ ಮೆತ್ತೆ ಇರಬೇಕು.

ಇನ್ನು ನಮ್ಮ ಹರಿಗೋಲಿಗೆ ಬರೋಣ. ಸೀಳಿದ ಬಿದಿರಿನಿಂದ ಹೆಣೆದ ದುಂಡನೆಯ ಚೌಕಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಚೀಲದ ಬಟ್ಟೆ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನದೂ ಬಂದಿದೆ. ಹಗುರವಾದುದರಿಂದ ಅದನ್ನು ಎಳೆದುಕೊಂಡು ಹೋಗುವ ಆಸೆ ಸಹಜ. ಎಳೆಯಬಾರದು. ಈ ಭಾಗದ ಜಂಬಿಟ್ಟಿಗೆ ನೆಲವು ಅರದಂತೆ ತಳವನ್ನು ಸವೆಸುತ್ತದೆ. ಇಬ್ಬರು ಹಿಡಿದು ಎತ್ತಬೇಕು, ಇಲ್ಲವೆ ಮಗುಚಿ ತಲೆಯ ಮೇಲೆ ಹೊತ್ತೊಯ್ಯಬೇಕು. ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಅಡಿಗೆ ಹುಲ್ಲು ಹಾಕಬೇಕು. ಹಗ್ಗವನ್ನು ಅಂಚಿನ ಮೇಲೆ ಅತಿಯಾಗಿ ಬಿಗಿದರೆ ದುಂಡಗಿದ್ದುದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಬಿದಿರಿನ ಕಟ್ಟುಗಳು ಸಡಿಲುತ್ತವೆ.

ನೀರಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಎರಡು ಮೀಟರು ಅಗಲದ ತಳದಲ್ಲಿ ಐದು ಸೆಂಟಿಮೀಟರು ಮಳೆನೀರು ನಿಂತರೆ ಅದರ ತೂಕ ಒಂದೂವರೆ ಕ್ವಿಂಟಲಿಗೂ ಹೆಚ್ಚು. ಅಷ್ಟು ಹೊತ್ತ ಹರಿಗೋಲನ್ನು ಅಂಚು ಹಿಡಿದು ಎತ್ತಲು ಹೋದರೆ ಕೈಗೆ ಬರುವುದು ಅಂಚು ಮಾತ್ರ! ನೀರನ್ನು ಮೊಗೆದು ಚೆಲ್ಲಿದ ಬಳಿಕವೇ ಎತ್ತಬೇಕು. ಇಡುವಾಗ ಮಗುಚಿ ಇಡಬೇಕು, ಆದರೆ ನೆಲಕ್ಕೆ ತಾಗಿಸಿ ಅಲ್ಲ. ಅಂಚಿನ ಸುತ್ತ ಐದಾರು ಕಡೆ ಒಂದೇ ಎತ್ತರದ ಇಟ್ಟಿಗೆಗಳನ್ನಿಟ್ಟರೆ ಭಾರ ಹಂಚಿಹೋಗುತ್ತದೆ, ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೂ ಇಟ್ಟಿಗೆಯ ಮೇಲೆ ಮಣ್ಣಿನ ಗೆರೆ ಕಂಡು ಎಚ್ಚರವಾಗುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಡಾಂಬರು ಕರಗಿ ಹರಿಯುವುದರಿಂದ ಮರದ ನೆರಳು ಅಥವಾ ಚಪ್ಪರ ಬೇಕೇ ಬೇಕು. ಮೇಲೆ ಮಕ್ಕಳು ಕುಳಿತು ಆಡದಂತೆ ನೋಡಿಕೊಳ್ಳುವ ಕೆಲಸ ಮನೆಯ ಹಿರಿಯರದು.

ಮಳೆ ಬಂದು ಜಲಾಶಯ ತುಂಬತೊಡಗಿದಾಗ ಅವಸರದಿಂದ ನಡುನೀರಿಗೆ ಹೋಗುವುದು ಬೇಡ. ಹರಿಗೋಲನ್ನು ಬೆಳಕಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿದರೆ ಸೂಜಿಯಷ್ಟು ತೂತೂ ಕಾಣುತ್ತದೆ. ಅಲ್ಲಿಗೆ ತೇಪೆ ಹಚ್ಚಿ, ಡಾಂಬರು ಬಳಿದು, ಒಣಗಿದ ಬಳಿಕ ಮೊಣಕಾಲುದ್ದದ ನೀರಿನಲ್ಲಿ ನಾಲ್ಕಾರು ಕಲ್ಲು ಹೇರಿ ಒಂದು ತಾಸು ಬಿಡಬೇಕು. ತಳ ಒಣಗಿಯೇ ಇದ್ದರೆ ಕಲ್ಲುಗಳನ್ನು ಇಳಿಸಿ ಬಲೆಯನ್ನು ಹೇರಬಹುದು.