ನಿಂತ ಗಾಳಿಯ ಅಂಗಿ: ಹಿಮದ ನಾಡಿಗೆ ಡೌನ್ ಪಾರ್ಕಾ ಆರಿಸುವ ಬಗೆ

ಶಿರೋಳ ತಾಲೂಕಿನ ಅಕಿವಾಟದಲ್ಲಿ ಚಳಿಗಾಲವೆಂದರೆ ಕಬ್ಬು ಕಡಿಯುವ ಕಾಲ. ಜನವರಿಯ ನಸುಕಿನಲ್ಲೂ ಇಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಮೈಮೇಲೊಂದು ಸ್ವೆಟರ್, ಕಿವಿಗೊಂದು ಮಫ್ಲರ್ ಇದ್ದರೆ ಹೊಲದ ಕೆಲಸ ನಡೆಯುತ್ತದೆ. ಆದರೆ ಇದೇ ಸೀಮೆಯ ಮಕ್ಕಳು ಭೂಮಿಯ ಮೇಲಿನ ಅತಿ ಕಠಿಣ ಚಳಿಯನ್ನೂ ಬಲ್ಲರು. ಸಮೀಪದ ಸೈನಿಕ ಟಾಕಳಿಗೆ ಆ ಹೆಸರು ಬಂದದ್ದೇ ಸೇನೆಗೆ ಹೋದ ಅಲ್ಲಿನ ಮನೆತನಗಳಿಂದ. ಗಡಹಿಂಗ್ಲಜ ಕಡೆಯ ಹಳ್ಳಿಗಳಿಂದಲೂ ಹುಡುಗರು ಸೇನೆ ಸೇರುತ್ತಾರೆ. ಬೆಳಗಾವಿಯಲ್ಲಿ 1922ರಿಂದ ನೆಲೆಸಿರುವ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತಯಾರಾದ ಯೋಧರು ಲಡಾಖಿಗೂ ಸಿಯಾಚಿನ್‌ಗೂ ಹೋಗುತ್ತಾರೆ. ಅಲ್ಲಿ ಉಷ್ಣಾಂಶ ಮೈನಸ್ 50 ಡಿಗ್ರಿಯವರೆಗೂ ಕುಸಿಯುತ್ತದೆ.

ಆ ಚಳಿ ಎಂಥದೆಂದು ಕನ್ನಡನಾಡು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಇನ್ನೊಂದು ಕಡೆ, 2022ರ ಮೇ ತಿಂಗಳಲ್ಲಿ ಕೊಲ್ಲಾಪುರದ ತರುಣಿ ಕಸ್ತೂರಿ ಸಾವೇಕರ ಎವರೆಸ್ಟ್ ಶಿಖರ ಮುಟ್ಟಿದರು. ಈಗ ಇಚಲಕರಂಜಿ, ಕೊಲ್ಲಾಪುರಗಳ ಕಾಲೇಜು ಹುಡುಗರೂ ಡಿಸೆಂಬರ್ ಬಂದರೆ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಹೊರಡುವ ಮುನ್ನ ಎಲ್ಲರಿಗೂ ಬರುವ ಪ್ರಶ್ನೆ ಒಂದೇ: ಯಾವ ಜಾಕೆಟ್ ಕೊಳ್ಳಬೇಕು? ಕೆಲವು ಸಾವಿರದಿಂದ ಲಕ್ಷ ರೂಪಾಯಿಯ ಹತ್ತಿರದವರೆಗೂ ಬೆಲೆಯಿರುವ ಈ ಉಡುಪನ್ನು ಬೆಲೆ ನೋಡಿ ಆರಿಸಲಾಗದು. ಅದರೊಳಗಿನ ವಿಜ್ಞಾನ ಗೊತ್ತಿದ್ದರೆ ಆರಿಸುವುದು ಕಷ್ಟವೂ ಅಲ್ಲ.

ಬೆಚ್ಚಗಿಡುವುದು ಯಾವುದು?

ಯಾವ ಉಡುಪೂ ಶಾಖ ಹುಟ್ಟಿಸುವುದಿಲ್ಲ. ಶಾಖ ಹುಟ್ಟಿಸುವುದು ನಮ್ಮ ದೇಹ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬೀಳುತ್ತದೆ. ಅದು ಬೇಗ ಸೋರಿಹೋಗದಂತೆ ತಡೆಯುವುದಷ್ಟೇ ಉಡುಪಿನ ಕೆಲಸ. ಈ ಕೆಲಸಕ್ಕೆ ನಿಂತ ಗಾಳಿಯಂಥ ಅಗ್ಗದ, ಹಗುರ ವಸ್ತು ಇನ್ನೊಂದಿಲ್ಲ. ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಮಂಜುಗಡ್ಡೆ ಎಂಬತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುತ್ತದೆ.

ಗಾಳಿಯ ದೋಷ ಒಂದೇ, ಅದು ಒಂದು ಕಡೆ ನಿಲ್ಲುವುದಿಲ್ಲ. ಬಿಸಿಯಾದ ಗಾಳಿ ಮೇಲೇರುತ್ತದೆ, ತಣ್ಣನೆಯದು ಆ ಜಾಗಕ್ಕೆ ನುಗ್ಗುತ್ತದೆ, ಶಾಖ ಅದರ ಬೆನ್ನೇರಿ ಹೊರಟುಹೋಗುತ್ತದೆ. ಗಾಳಿಯನ್ನು ಸಣ್ಣ ಸಣ್ಣ ಸಂದುಗಳಲ್ಲಿ ಕಟ್ಟಿಹಾಕಿದರೆ ಮಾತ್ರ ಅದು ಚಳಿಗೆ ಗೋಡೆಯಾಗುತ್ತದೆ. ಈ ಕಟ್ಟಿಹಾಕುವ ಕಲೆಯಲ್ಲಿ ಬಾತು, ಹೆಬ್ಬಾತುಗಳನ್ನು ಮೀರಿಸಿದವರಿಲ್ಲ.

ಹಕ್ಕಿಯ ರೆಕ್ಕೆಯ ಗರಿಯಲ್ಲಿ ನಡುವೆ ಗಟ್ಟಿ ಕಡ್ಡಿಯಿದ್ದು, ಎರಡೂ ಬದಿಯ ಎಳೆಗಳು ಸೂಕ್ಷ್ಮ ಕೊಕ್ಕೆಗಳಿಂದ ಒಂದನ್ನೊಂದು ಹಿಡಿದುಕೊಂಡು ಚಪ್ಪಟೆ ಹಾಳೆಯಾಗುತ್ತವೆ. ಎದೆಯ ಗರಿಗಳ ಕೆಳಗೆ ಚರ್ಮಕ್ಕೆ ಅಂಟಿದಂತೆ ಬೆಳೆಯುವ ತುಪ್ಪಳ ಬೇರೆಯೇ ಬಗೆಯದು. ಅದನ್ನೇ ಡೌನ್ ಎನ್ನುತ್ತಾರೆ. ಅದಕ್ಕೆ ಗಟ್ಟಿ ಕಡ್ಡಿಯಿಲ್ಲ, ಎಳೆಗಳಿಗೆ ಕೊಕ್ಕೆಗಳಿಲ್ಲ. ಹೀಗಾಗಿ ಎಳೆಗಳು ಒಂದಕ್ಕೊಂದು ಅಂಟದೆ ಸುತ್ತೆಲ್ಲ ಚಾಚಿಕೊಳ್ಳುತ್ತವೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮತ್ತೆ ಉಬ್ಬುತ್ತವೆ. ತುಪ್ಪಳದ ಉಂಡೆ ಕಣ್ಣಿಗೆ ದೊಡ್ಡದಾಗಿ ಕಂಡರೂ ತೂಕ ಇಲ್ಲವೆನ್ನುವಷ್ಟು ಕಡಿಮೆ. ಮಿಕ್ಕದ್ದೆಲ್ಲ ನಿಂತ ಗಾಳಿ.

ಪರ್ವತಾರೋಹಿಗಳಿಗೆ ಇದನ್ನು ತೋರಿಸಿಕೊಟ್ಟವರು ಜಾರ್ಜ್ ಫಿಂಚ್ ಎಂಬ ರಸಾಯನ ವಿಜ್ಞಾನಿ. 1922ರ ಎವರೆಸ್ಟ್ ಸಾಹಸಕ್ಕೆ ಉಳಿದವರು ಉಣ್ಣೆಯ ಕೋಟು ತೊಟ್ಟು ಬಂದರೆ, ಫಿಂಚ್ ಬಲೂನಿನ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪಳ ತುಂಬಿಸಿ ಹೊಲಿಸಿದ ಕೋಟು ತಂದಿದ್ದರು. ಮೊದಲು ಗೇಲಿ ಮಾಡಿದ ಜತೆಗಾರರು ಮೇಲೆ ಗಾಳಿ ಬೀಸತೊಡಗಿದಾಗ ಅದನ್ನೇ ಆಸೆಪಟ್ಟು ನೋಡಿದರು. ಇಂದಿನ ಪಾರ್ಕಾ ಎಂಬ ದಪ್ಪ ಚಳಿಕೋಟಿನ ಮೂಲ ಸೂತ್ರವೂ ಅದೇ: ಗಾಳಿ ದಾಟದ ಹಗುರ ಬಟ್ಟೆ, ಒಳಗೆ ಉಬ್ಬಿದ ತುಪ್ಪಳ.

ಎರಡು ಅಂಕಿ, ಒಂದು ಗುಣಾಕಾರ

ಜಾಕೆಟ್ಟಿನ ಲೇಬಲ್ಲಿನಲ್ಲಿ 650, 800, 850 ಎಂಬ ಅಂಕಿ ದೊಡ್ಡದಾಗಿ ಬರೆದಿರುತ್ತದೆ. ಇದು ಫಿಲ್ ಪವರ್. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪಳವನ್ನು ಕೊಳವೆಗೆ ಹಾಕಿ, ಮೇಲೆ ಗೊತ್ತಾದ ತೂಕ ಇಟ್ಟಾಗ ಅದು ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬುದರ ಅಳತೆ. 800 ಎಂದರೆ ಸುಮಾರು 13 ಲೀಟರ್. ಅಂಕಿ ಹೆಚ್ಚಿದಷ್ಟೂ ತುಪ್ಪಳದ ಗುಣಮಟ್ಟ ಹೆಚ್ಚು.

ಬಹಳ ಮಂದಿ ಮೋಸ ಹೋಗುವುದು ಇಲ್ಲೇ. ಫಿಲ್ ಪವರ್ ತುಪ್ಪಳದ ಗುಣ ಹೇಳುತ್ತದೆ, ಜಾಕೆಟ್ಟಿನ ಬಿಸುಪು ಹೇಳುವುದಿಲ್ಲ. ಒಳಗೆ ಎಷ್ಟು ಗ್ರಾಂ ತುಪ್ಪಳ ತುಂಬಿದ್ದಾರೆ ಎಂಬ ಎರಡನೆಯ ಅಂಕಿಯೂ ಬೇಕು. ಒಂದು ಜಾಕೆಟ್ಟಿನಲ್ಲಿ 850ರ ತುಪ್ಪಳ 180 ಗ್ರಾಂ ಇದೆ, ಇನ್ನೊಂದರಲ್ಲಿ 650ರದ್ದು 300 ಗ್ರಾಂ ಇದೆ ಎನ್ನಿ. ಎರಡನ್ನೂ ಗುಣಿಸಿ: ಮೊದಲನೆಯದು 1,53,000, ಎರಡನೆಯದು 1,95,000. ಲೀಟರಿಗೆ ಇಳಿಸಿದರೆ ಮೊದಲನೆಯದು ಸುಮಾರು 88 ಲೀಟರ್ ಗಾಳಿ ಹಿಡಿಯುತ್ತದೆ, ಎರಡನೆಯದು ಸುಮಾರು 113 ಲೀಟರ್. ಅಳತೆ, ಹೊಲಿಗೆ ಒಂದೇ ತೆರನಿದ್ದರೆ ಕಡಿಮೆ ಅಂಕಿಯ ಜಾಕೆಟ್ಟೇ ಹೆಚ್ಚು ಬೆಚ್ಚಗೆ. ಅದೇ 113 ಲೀಟರನ್ನು 850ರ ತುಪ್ಪಳದಲ್ಲಿ ಪಡೆಯಲು ಸುಮಾರು 230 ಗ್ರಾಂ ಸಾಕು, ಉಳಿತಾಯ 70 ಗ್ರಾಂ. ಎಂಟು ಸಾವಿರ ಮೀಟರ್ ಏರುವವರಿಗೆ ಪ್ರತಿ ಗ್ರಾಮೂ ಭಾರ, ಅವರು ಆ ಬೆಲೆ ಕೊಡಲಿ. ಚಾರಣಕ್ಕೆ ಹೋಗುವವರು 70 ಗ್ರಾಂ ತೂಕಕ್ಕಾಗಿ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

ಮೂರನೆಯದಾಗಿ 90/10, 80/20 ಎಂಬ ಗುರುತನ್ನೂ ನೋಡಿ. ತುಂಬಿದ್ದರಲ್ಲಿ ನೂರಕ್ಕೆ 90 ಭಾಗ ತುಪ್ಪಳ, 10 ಭಾಗ ಸಣ್ಣ ಗರಿ ಎಂದು ಇದರರ್ಥ. ಕಡ್ಡಿಯಿರುವ ಗರಿ ಹೆಚ್ಚಾದಷ್ಟೂ ಜಾಕೆಟ್ ಭಾರವಾಗುತ್ತದೆ, ಬಟ್ಟೆಯಿಂದ ಕಡ್ಡಿಗಳು ಹೊರಗೆ ಚುಚ್ಚುತ್ತವೆ.

ನೇಯ್ಗೆ ಮತ್ತು ಹೊಲಿಗೆ

1904ರಲ್ಲಿ ವಿಠ್ಠಲರಾವ್ ದಾತಾರ ಮೊದಲ ವಿದ್ಯುತ್ ಮಗ್ಗ ತಂದ ಇಚಲಕರಂಜಿಯ ಜನಕ್ಕೆ ಪಾರ್ಕಾದ ಹೊರಬಟ್ಟೆಯ ಮಹತ್ವ ಹೇಳಿಕೊಡಬೇಕಿಲ್ಲ. ತುಪ್ಪಳದ ಎಳೆ ಎಷ್ಟು ನವಿರೆಂದರೆ ಸಾಮಾನ್ಯ ಬಟ್ಟೆಯ ಹಾಸು ಹೊಕ್ಕುಗಳ ನಡುವಿನ ಸಂದಿನಿಂದ ನುಸುಳಿ ಬರುತ್ತದೆ. ಆದ್ದರಿಂದ ನೈಲಾನ್ ನೂಲನ್ನು ತೀರಾ ಒತ್ತಾಗಿ ನೇಯ್ದು, ಬಿಸಿ ರೋಲರುಗಳ ನಡುವೆ ಹಾಯಿಸಿ ಸಂದು ಮುಚ್ಚುತ್ತಾರೆ. ಲೇಬಲ್ಲಿನಲ್ಲಿ ಕಾಣುವ 20 ಡೆನಿಯರ್ ಎಂದರೆ ಒಂಬತ್ತು ಕಿಲೋಮೀಟರ್ ಉದ್ದದ ನೂಲಿನ ತೂಕ 20 ಗ್ರಾಂ. ಡೆನಿಯರ್ ಇಳಿದಷ್ಟೂ ಬಟ್ಟೆ ಹಗುರ, ಆದರೆ ಬಂಡೆಗೆ, ಮುಳ್ಳಿಗೆ ಬೇಗ ಹರಿಯುತ್ತದೆ.

ಗಾಳಿ ತಡೆಯುವುದೂ ಈ ಬಟ್ಟೆಯೇ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 34ರ ಚಳಿಯಂತೆ ತಟ್ಟುತ್ತದೆ.

ಇನ್ನು ಹೊಲಿಗೆ. ತುಪ್ಪಳ ಜಾರಿ ಕೆಳಗೆ ಗುಡ್ಡೆಯಾಗದಂತೆ ಜಾಕೆಟ್ಟನ್ನು ಕೋಣೆಕೋಣೆಯಾಗಿ ಹೊಲಿಯುತ್ತಾರೆ. ಅಗ್ಗದ ಜಾಕೆಟ್ಟುಗಳಲ್ಲಿ ನಮ್ಮ ಅಜ್ಜಿಯರ ಕೌದಿಯಂತೆ ಮೇಲಿನ ಬಟ್ಟೆಯನ್ನೂ ಒಳಬಟ್ಟೆಯನ್ನೂ ಒಂದೇ ದಾರದಿಂದ ಕೂಡಿಸಿರುತ್ತಾರೆ. ಹೊಲಿಗೆಯ ಗೆರೆಯುದ್ದಕ್ಕೂ ತುಪ್ಪಳವೇ ಇರುವುದಿಲ್ಲ, ಚಳಿ ಅಲ್ಲಿಂದ ಒಳಗಿಳಿಯುತ್ತದೆ. ಕಡು ಚಳಿಯ ಪಾರ್ಕಾದಲ್ಲಿ ಎರಡು ಬಟ್ಟೆಗಳ ನಡುವೆ ತೆಳು ಗೋಡೆಯ ಪಟ್ಟಿ ಎತ್ತಿ ಪೆಟ್ಟಿಗೆಯಾಕಾರದ ಕೋಣೆ ಮಾಡುತ್ತಾರೆ. ಆಗ ಎಲ್ಲ ಕಡೆಯೂ ದಪ್ಪ ಉಳಿಯುತ್ತದೆ. ಜಾಕೆಟ್ಟನ್ನು ಬೆಳಕಿಗೆ ಹಿಡಿದರೆ ಈ ವ್ಯತ್ಯಾಸ ಕಾಣುತ್ತದೆ: ಹೊಲಿಗೆಯ ಗೆರೆಯಲ್ಲಿ ಬೆಳಕು ತೂರಿಬಂದರೆ ಅದು ಕಡು ಚಳಿಗೆ ಆಗಿಬರುವಂಥದ್ದಲ್ಲ.

ನಿಂತಾಗ ತೊಡಿ, ನಡೆಯುವಾಗ ಕಳಚಿ

ಡೌನ್‌ಗೆ ಒಂದೇ ದೊಡ್ಡ ಶತ್ರು, ನೀರು. ಒದ್ದೆಯಾದ ತುಪ್ಪಳ ಮುದ್ದೆಗಟ್ಟಿ ಗಾಳಿ ಬಿಟ್ಟುಕೊಡುತ್ತದೆ. ಸಿಯಾಚಿನ್‌ನಂಥ ಕಡೆ ಮಳೆಯಿಲ್ಲ, ಅಲ್ಲಿನ ನೀರು ನಮ್ಮದೇ ಬೆವರು. ಭಾರ ಹೊತ್ತು ಏರುವವನ ದೇಹ ಕೂತವನಿಗಿಂತ ಐದಾರು ಪಟ್ಟು ಶಾಖ ಹುಟ್ಟಿಸಬಲ್ಲದು. ದಪ್ಪ ಪಾರ್ಕಾ ತೊಟ್ಟು ಏರಿದರೆ ಬೆವರಿನ ಆವಿ ತುಪ್ಪಳದೊಳಗೆ ಹೊಕ್ಕು, ಹೊರಪದರದ ಹತ್ತಿರ ತಣಿದು ಮಂಜಾಗುತ್ತದೆ. ಮರುದಿನ ಅದೇ ಜಾಕೆಟ್ ಭಾರವೂ ತೆಳುವೂ ಆಗಿರುತ್ತದೆ.

ಅನುಭವಿ ಪರ್ವತಾರೋಹಿಗಳು ಏರುವಾಗ ತೆಳು ಪದರಗಳಲ್ಲಿ ನಡೆದು, ನಿಂತ ಕೂಡಲೇ ಎಲ್ಲದರ ಮೇಲೆ ಪಾರ್ಕಾ ತೊಡುವುದು ಇದಕ್ಕೇ. ಹಾಗಾಗಿ ಪಾರ್ಕಾ ಒಳಗಿನ ಪದರಗಳ ಮೇಲೆ ಸಲೀಸಾಗಿ ಕೂರುವಷ್ಟು ದೊಡ್ಡದಿರಬೇಕು. ಬಿಗಿಯಾದರೆ ತುಪ್ಪಳ ಅದುಮಿಹೋಗಿ ಗಾಳಿ ಹೊರಹೋಗುತ್ತದೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿ 2021ರ ಡಿಸೆಂಬರಿನಲ್ಲಿ ಭಾರತದ ಐದು ಕಂಪನಿಗಳಿಗೆ ತಂತ್ರಜ್ಞಾನ ಕೊಟ್ಟ ಕಡು ಚಳಿಯ ಉಡುಪೂ ಇದೇ ತತ್ವದ್ದು. ಮೂರು ಪದರಗಳನ್ನು ಕೆಲಸಕ್ಕೆ ತಕ್ಕಂತೆ ಕೂಡಿಸಿ, ಕಳೆದು, 15 ಡಿಗ್ರಿಯಿಂದ ಮೈನಸ್ 50ರವರೆಗೆ ಬಳಸುವಂತೆ ಅದನ್ನು ಮಾಡಿದ್ದಾರೆ.

ಆಕಾರವೂ ಕೆಲಸಕ್ಕೆ ತಕ್ಕಂತಿರಬೇಕು. ಅಂಟಾರ್ಕ್ಟಿಕಾದ ಮೈತ್ರಿ ನೆಲೆಯಂಥ ಕಡೆ ಓಡಾಡುವವರಿಗೆ ತೊಡೆ ಮುಚ್ಚುವ ಉದ್ದ, ಗಟ್ಟಿ ಬಟ್ಟೆ, ಮುಖದ ಸುತ್ತ ಗಾಳಿ ತಡೆಯುವ ರೋಮದ ಅಂಚಿನ ಟೊಪ್ಪಿಗೆ ಸರಿ. ಪರ್ವತಾರೋಹಿಗೆ ಸೊಂಟದ ಹಗ್ಗಪಟ್ಟಿಗೆ ಅಡ್ಡಿಯಾಗದ ಗಿಡ್ಡ ಅಳತೆ, ಹೆಲ್ಮೆಟ್ ಮೇಲೆ ಕೂರುವ ಟೊಪ್ಪಿಗೆ, ಕೆಳಗಿನಿಂದಲೂ ತೆರೆಯುವ ಜಿಪ್ ಬೇಕು. ಟೊಪ್ಪಿಗೆಯಿಲ್ಲದ ಪಾರ್ಕಾವನ್ನು ಇಬ್ಬರೂ ಕೊಳ್ಳಬಾರದು. ಮೈಯೆಲ್ಲ ಮುಚ್ಚಿ ತಲೆ ಬಿಟ್ಟರೆ ಶಾಖ ಸೋರಲು ಅದೇ ದೊಡ್ಡ ದಾರಿ.

ಹಕ್ಕಿಯ ಪ್ರಶ್ನೆ

ಶಿರೋಳ, ಹಾತಕಣಂಗಲೆ ತಾಲೂಕುಗಳಲ್ಲಿ ಜೈನ ಮನೆತನಗಳು ಬಹಳ. ನಾಂದಣಿಯ ಮಠ, ಕುಂಭೋಜದ ಬಾಹುಬಲಿ ಈ ಸೀಮೆಯ ಶ್ರದ್ಧಾಕೇಂದ್ರಗಳು. ಹೀಗಾಗಿ ಈ ತುಪ್ಪಳ ಎಲ್ಲಿಂದ ಬಂತೆಂದು ಕೇಳುವುದು ಇಲ್ಲಿನವರಿಗೆ ಸಹಜ, ಕೇಳಲೇಬೇಕಾದ ಪ್ರಶ್ನೆಯೂ ಹೌದು. ಐಸ್‌ಲ್ಯಾಂಡಿನ ಐಡರ್ ಬಾತಿನ ತುಪ್ಪಳವನ್ನು ಗೂಡಿನಿಂದ ಆಯ್ದುಕೊಳ್ಳುತ್ತಾರೆ, ಆದರೆ ಅದು ತೀರಾ ವಿರಳ, ಬಲು ದುಬಾರಿ. ಮಾರುಕಟ್ಟೆಯ ಹೆಚ್ಚಿನ ಡೌನ್ ಮಾಂಸಕ್ಕಾಗಿ ಕೊಂದ ಬಾತು, ಹೆಬ್ಬಾತುಗಳದ್ದು. ಜೀವಂತ ಹಕ್ಕಿಯಿಂದ ಕಿತ್ತದ್ದಲ್ಲ ಎಂದು ಖಾತ್ರಿ ಕೊಡುವ ಆರ್‌ಡಿಎಸ್ ಎಂಬ ಪ್ರಮಾಣಪತ್ರವಿದೆ. ಅದು ಹಿಂಸೆಯನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಬೇಡವೆನ್ನುವವರಿಗೆ ನವಿರು ಪಾಲಿಯೆಸ್ಟರ್ ಎಳೆ ತುಂಬಿದ ಜಾಕೆಟ್ ಇದೆ. ಅಷ್ಟೇ ಬಿಸುಪಿಗೆ ಅದು ಡೌನ್‌ಗಿಂತ ಭಾರ, ಚೀಲದಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ಪದೇ ಪದೇ ಅದುಮಿದರೆ ಬೇಗ ಸೊರಗುತ್ತದೆ. ಆದರೆ ಒದ್ದೆಯಾದರೂ ಬಹುಮಟ್ಟಿಗೆ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ, ಬೆಲೆ ಕಡಿಮೆ. ಮಳೆ, ಕರಗುವ ಹಿಮ ಇರುವ ಕಡೆ ಇದು ಡೌನ್‌ಗಿಂತ ಮೇಲು. ಧರ್ಮದ ಕಾರಣಕ್ಕೆ ಇದನ್ನು ಆರಿಸಿದವರು ಸಾಮಾನ್ಯ ಚಾರಣದಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ.

ಯಾರಿಗೆ ಯಾವುದು

ಡಿಸೆಂಬರಿನಲ್ಲಿ ಕೇದಾರಕಾಂಠದಂಥ ಚಾರಣಕ್ಕೆ, ರಾತ್ರಿ ಮೈನಸ್ ಹತ್ತರ ಆಚೀಚೆಯ ಚಳಿಗೆ, ಉಣ್ಣೆಯ ಪದರದ ಮೇಲೆ ಸುಮಾರು 100 ಗ್ರಾಂ ತುಂಬಿದ ಟೊಪ್ಪಿಗೆಯ ಜಾಕೆಟ್ ಸಾಕು, ಪಾರ್ಕಾ ಬೇಡ. ಚಳಿಗಾಲದ ಲಡಾಖಿಗೆ, ಆರು ಸಾವಿರ ಮೀಟರಿನ ಶಿಖರಗಳಿಗೆ 200 ಗ್ರಾಂ ಮೇಲ್ಪಟ್ಟ, ಪೆಟ್ಟಿಗೆ ಹೊಲಿಗೆಯ ಪಾರ್ಕಾ ಬೇಕು. ಅದಕ್ಕೂ ಮೇಲೆ ಹೋಗುವವರು ಕೊಳ್ಳುವ ಮುನ್ನ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ತರಬೇತಿ ಪಡೆಯಲಿ. ಅಲ್ಲಿ ಕಲಿಯುವಾಗಲೇ ತಮ್ಮ ಮೈಗೆ ಎಷ್ಟು ಬೇಕೆಂಬುದು ಗೊತ್ತಾಗುತ್ತದೆ. ಒಮ್ಮೆ ಮಾತ್ರ ಹೋಗುವವರು ಬಾಡಿಗೆಗೆ ತರುವುದೇ ಜಾಣತನ.

ಕೊಂಡ ಮೇಲೆ ಕಾಪಾಡುವುದೂ ಸುಲಭ. ವರ್ಷವಿಡೀ ಚೀಲದಲ್ಲಿ ಅದುಮಿಡದೆ ಸಡಿಲವಾಗಿ ತೂಗುಹಾಕಿ. ಸೌಮ್ಯ ಸೋಪಿನಲ್ಲಿ ಒಗೆದು, ಒಳಗಿನ ಮುದ್ದೆಗಳು ಬಿಡಿಸಿಕೊಳ್ಳುವವರೆಗೆ ಪೂರ್ತಿ ಒಣಗಿಸಿ. ಬೆಂಕಿ, ಸ್ಟೋವಿನ ಹತ್ತಿರ ಸುಳಿಯಬೇಡಿ, ನೈಲಾನ್ ಕ್ಷಣದಲ್ಲಿ ಕರಗುತ್ತದೆ.

ಅಂಗಡಿಯಲ್ಲಿ ನಿಂತಾಗ ಎರಡು ಅಂಕಿ ಕೇಳಿ: ಫಿಲ್ ಪವರ್ ಎಷ್ಟು, ತುಂಬಿದ ತೂಕ ಎಷ್ಟು ಗ್ರಾಂ. ಗುಣಿಸಿ ನೋಡಿ, ಹೊಲಿಗೆಯನ್ನು ಬೆಳಕಿಗೆ ಹಿಡಿಯಿರಿ. ಎರಡರಲ್ಲಿ ಒಂದು ಅಂಕಿಯನ್ನು ಮುಚ್ಚಿಟ್ಟ ಜಾಕೆಟ್ ಎಷ್ಟೇ ಚೆಂದವಿರಲಿ, ಎಷ್ಟೇ ದೊಡ್ಡ ಹೆಸರಿನದಿರಲಿ, ಕಡು ಚಳಿಗೆ ನಂಬಿ ಕೊಳ್ಳಬೇಡಿ.