ಹಳೆಯ ಮನೆಗೆ ಹಳೆಯ ಕಂಬ

ಬೇಗಾರಿನ ನಮ್ಮ ಪೂರ್ವಿಕರ ಮನೆಯ ಜೀರ್ಣೋದ್ಧಾರಕ್ಕೆ ತೊಡಗಿದಾಗ, ಗೆದ್ದಲು ತಿಂದ ಜಗಲಿಯ ಕಂಬಗಳೆರಡರ ಬದಲು ಕಾಂಕ್ರೀಟು ನಿಲ್ಲಿಸುವುದೇ ಲೇಸೆಂದು ಮಕ್ಕಳ ಮತವಾಗಿತ್ತು. ನಾವು ಸಮ್ಮತಿಸಲಿಲ್ಲ. ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈಯವರು (ನಿಧನ 2017) ಕೆಡವಿದ ಮನೆಗಳ ಕಂಬ ಬಾಗಿಲುಗಳನ್ನು ಕೂಡಿಸಿ ಮಣಿಪಾಲದಲ್ಲಿ ಸ್ವಗೃಹವನ್ನು ಕಟ್ಟಿದುದೂ, ಬಳಿಕ 1816ರ ಕುಂಜೂರು ಚೌಕಿಮನೆಯಂಥವುಗಳನ್ನೇ ಬಿಚ್ಚಿ ತಂದು ನಿಲ್ಲಿಸಿದುದೂ ನಮಗೆ ತಿಳಿದಿದ್ದಿತು.

ನೆರೆಯೂರಿನಲ್ಲಿ ಕೆಡವುತ್ತಿದ್ದ ಮನೆಯೊಂದರಿಂದ ಹಲಸಿನ ಕಂಬಗಳೆರಡನ್ನು ಕೊಂಡೆವು. ಕೊಳ್ಳುವ ಮುನ್ನ ಗೃಹಸ್ಥರು ಕಂಬದ ಬುಡವನ್ನು ಉಳಿಯಿಂದ ಚುಚ್ಚಿ ನೋಡತಕ್ಕದ್ದು. ನಮ್ಮ ಮಳೆಸೀಮೆಯಲ್ಲಿ ಅದನ್ನು ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆಯೇ ನಿಲ್ಲಿಸತಕ್ಕದ್ದು.

ಆ ಮನೆಯ ವೃದ್ಧೆಯು ಕಂಬವನ್ನೊಮ್ಮೆ ಸವರಿ, ಮಕ್ಕಳ ಎತ್ತರಕ್ಕೆ ಗೀರಿದ್ದ ಗುರುತುಗಳನ್ನು ತೋರಿಸಿ, “ಇದನ್ನು ಮಾತ್ರ ಉಜ್ಜಿಸಬೇಡಿ, ಮೇಷ್ಟ್ರೇ” ಎಂದರು. ಉಜ್ಜಿಸಲಿಲ್ಲ. ಆ ಗೀರುಗಳ ನಡುವೆ ಈಗ ನಮ್ಮ ಮೊಮ್ಮಗನದೂ ಒಂದುಂಟು.