ನಾಯಿಗಳ ಚಿತ್ರಕಾರ ಕಡೆದ ಸಿಂಹಗಳು

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ, ನೆಲ್ಸನ್ ಕಂಬದ ಬುಡದಲ್ಲಿ ನಾಲ್ಕು ಕಂಚಿನ ಸಿಂಹಗಳು ತಲೆಯೆತ್ತಿ ಮಲಗಿವೆ. ಅವುಗಳ ಮುಂಗಾಲು ಕಂಡವರಿಗೆ ಜಗಲಿಯ ಮೇಲೆ ಯಜಮಾನನ ದಾರಿ ಕಾಯುವ ನಾಯಿ ನೆನಪಾದರೆ ಆಶ್ಚರ್ಯವಿಲ್ಲ. ಅವನ್ನು ರೂಪಿಸಿದ ಎಡ್ವಿನ್ ಲ್ಯಾಂಡ್‌ಸಿಯರ್ ಹೆಸರು ಮಾಡಿದ್ದೇ ನಾಯಿಗಳ ಚಿತ್ರಗಳಿಂದ.

1802ರಲ್ಲಿ ಹುಟ್ಟಿದ ಆತನ ಚಿತ್ರಗಳು ರಾಯಲ್ ಅಕಾಡೆಮಿಯ ಗೋಡೆ ಏರಿದಾಗ ವಯಸ್ಸು ಇನ್ನೂ ಹದಿಮೂರು. ಸ್ಕಾಟ್ಲೆಂಡಿನ ಬೆಟ್ಟಗಳ ಬೇಟೆನಾಯಿಗಳು, ಸಾರಂಗಗಳು, ವಿಕ್ಟೋರಿಯಾ ರಾಣಿಯ ಮುದ್ದಿನ ಡ್ಯಾಶ್, ರಾಜಕುಮಾರ ಆಲ್ಬರ್ಟನ ಗ್ರೇಹೌಂಡ್ ಎಲ್ಲವೂ ಆ ಕುಂಚಕ್ಕೆ ಒಲಿದವು. ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು 1837ರ ಒಂದು ಪುಟ್ಟ ಚಿತ್ರ. ಸತ್ತ ಕುರುಬನ ಶವಪೆಟ್ಟಿಗೆಗೆ ಗದ್ದ ಆನಿಸಿ ಕೂತ ನಾಯಿ. ಕೋಣೆಯಲ್ಲಿ ಮತ್ತೊಂದು ಜೀವವಿಲ್ಲ. ಅಣ್ಣ ಥಾಮಸ್ ಮುಂತಾದವರು ಕೊರೆದ ಅಚ್ಚುಗಳಿಂದಾಗಿ ಲ್ಯಾಂಡ್‌ಸಿಯರ್ ಚಿತ್ರಗಳು ಸಾಮಾನ್ಯರ ಮನೆಗೂ ಬಂದವು. ಆತ ಬರೆದ ಕಪ್ಪು ಬಿಳುಪಿನ ನ್ಯೂಫೌಂಡ್‌ಲ್ಯಾಂಡ್ ನಾಯಿಗಳಿಗಂತೂ ಆತನ ಹೆಸರೇ ಅಂಟಿತು.

ನೆಲ್ಸನ್ನನ ಪ್ರತಿಮೆ ಕಂಬವೇರಿದ್ದು 1843ರಲ್ಲಿ. ಸಿಂಹಗಳ ಜಾಗ ಮಾತ್ರ ಖಾಲಿ ಉಳಿಯಿತು. ಥಾಮಸ್ ಮಿಲ್ನ್ಸ್ ಕೆತ್ತಿದ ಕಲ್ಲಿನ ಸಿಂಹಗಳು ಒಪ್ಪಿಗೆಯಾಗದೆ ಕೊನೆಗೆ ಯಾರ್ಕ್‌ಷೈರಿನ ಸಾಲ್ಟೇರ್ ಸೇರಿದವು. 1858ರಲ್ಲಿ ಕೆಲಸ ಲ್ಯಾಂಡ್‌ಸಿಯರ್ ಪಾಲಿಗೆ ಬಂತು. ಶಿಲ್ಪ ಆತನ ಕಸುಬಲ್ಲ. 1840ರಲ್ಲಿ ಕುಸಿದ ಮನಸ್ಸಿನ ಆರೋಗ್ಯ ಮತ್ತೆ ಪೂರ್ತಿ ಸುಧಾರಿಸಿರಲೂ ಇಲ್ಲ. ವರ್ಷಗಳು ಉರುಳಿದವು, ಪತ್ರಿಕೆಗಳು ಗೇಲಿ ಮಾಡಿದವು. ಮೃಗಾಲಯದಲ್ಲಿ ಸತ್ತ ಸಿಂಹವೊಂದನ್ನು ಮನೆಗೆ ತರಿಸಿಕೊಂಡು ಅಭ್ಯಾಸಕ್ಕೆ ಕೂತರೆ, ಕೆಲಸ ಮುಗಿಯುವ ಮೊದಲೇ ಅದು ಕೊಳೆಯತೊಡಗಿತು. ಆಮೇಲೆ ಪಂಜಗಳಿಗೆ ನಾಯಿಯ ಪಾದವೇ ಮಾದರಿಯಾಯಿತೆಂಬ ಮಾತು ಇಂದಿಗೂ ಉಳಿದಿದೆ.

ಎರಕದ ಕೆಲಸಕ್ಕೆ ಹೆಗಲು ಕೊಟ್ಟವನು ಶಿಲ್ಪಿ ಬ್ಯಾರನ್ ಮರೊಕೆಟ್ಟಿ. ಬೆಂಗಳೂರಿನವರು ಅವನ ಕೈಕೆಲಸವನ್ನು ಬಲ್ಲರು: ಅಠಾರಾ ಕಚೇರಿಯ ಬಳಿ ಬಹುಕಾಲ ನಿಂತಿದ್ದ, ಕುದುರೆಯೇರಿದ ಮಾರ್ಕ್ ಕಬ್ಬನ್ ಪ್ರತಿಮೆ ಅವನದೇ. ಅದು ಬೆಂಗಳೂರಿಗೆ ಬಂದದ್ದು 1866ರಲ್ಲಿ. ಸಿಂಹಗಳು ಚೌಕಕ್ಕೆ ಬಂದದ್ದು ಮರುವರ್ಷದ ಜನವರಿಯಲ್ಲಿ.

ಹೀಗೆ ಮಲಗಿದ ನಿಜವಾದ ಸಿಂಹದ ಬೆನ್ನು ಉಬ್ಬಿರುತ್ತದೆ, ಇಲ್ಲಿ ತಗ್ಗಿದೆ ಎಂದು ತಿಳಿದವರು ತಪ್ಪು ಹುಡುಕಿದರು. ಆ ತಪ್ಪು ನಿಜವೇ. ಆದರೂ ಮಿಲ್ನ್ಸ್‌ನದಕ್ಕಿಂತ ಇವೇ ನನಗೆ ಇಷ್ಟ. ಯುದ್ಧದ ಗೆಲುವಿಗೆಂದು ನಿಲ್ಲಿಸಿದ ಕಂಬದ ಕೆಳಗೆ ಇವು ಹಲ್ಲು ಕಿರಿಯುವುದಿಲ್ಲ, ಯಾರ ಮೇಲೂ ಎರಗುವುದಿಲ್ಲ, ಮಕ್ಕಳು ಬೆನ್ನೇರಿದರೂ ಹೆದರಿಸುವುದಿಲ್ಲ. ಕುರುಬನ ನಾಯಿಯನ್ನು ಬರೆದ ಕೈಗೆ ಬೇರೆ ಬಗೆಯ ಸಿಂಹ ಸಾಧ್ಯವಿರಲಿಲ್ಲ.